ಕೂಗದೆ ಉಳಿದ ಹೆಸರು

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಮುದುಕನಾದೆ. ಮುಂದಕ್ಕೆ ಹಾಕುವುದರಲ್ಲಿ ನನ್ನದು ಮೊದಲಿನಿಂದಲೂ ಪಳಗಿದ ಕೈ.

ಹೋದ ವಾರ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಗೆ ರೇಡಿಯೋ ರಿಪೇರಿಯವನು ಬಂದಿದ್ದ. ಬೆಸುಗೆ ಹಾಕುವ ಕಾದ ಕಡ್ಡಿಯನ್ನು ರಾಳದ ಉಂಡೆಗೆ ತಾಗಿಸಿದ್ದೇ ತಡ, ತೆಳ್ಳಗೆ ಹೊಗೆ ಎದ್ದು ನಡುಮನೆಯೆಲ್ಲ ಆ ವಾಸನೆ ತುಂಬಿತು. "ಕಿಟಕಿ ತೆಗೀಲಾ ಅಜ್ಜಾರೇ?" ಎಂದ. ಬೇಡವೆಂದೆ. ಭದ್ರಾವತಿಯ ಒಂದು ತಗಡಿನ ಶೆಡ್ಡು, ನಾಲ್ಕೂ ಕಡೆ ಹಗ್ಗ ಕಟ್ಟಿದ ರಿಂಗು, ಮೂಲೆಯಲ್ಲಿ ರಾಳದ ಪುಡಿ ಹರಡಿದ ಮರದ ತಟ್ಟೆ, ಕಾಲು ಜಾರದಿರಲೆಂದು ಅದರಲ್ಲಿ ಅಂಗಾಲು ತಿಕ್ಕುತ್ತ ನಿಂತ ಒಬ್ಬ ಮನುಷ್ಯ...

ಅವನು ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ಮರಳಿನ ಅಚ್ಚು ಹಾಕುವವನು. ನಾನು ಅಲ್ಲೇ ಆಫೀಸಿನಲ್ಲಿ ಗುಮಾಸ್ತ. ಯುದ್ಧದ ವರ್ಷಗಳು ಅವು. ಊರು ಬಿಟ್ಟುಹೋದ ಯಾರೋ ಬಿಳಿಯ ದೊರೆ ಬಾಕ್ಸಿಂಗ್‌ನ ಚಟವನ್ನೂ ಕೆಲವು ಜೊತೆ ಗ್ಲೌಸನ್ನೂ ಒಂದು ಇಂಗ್ಲಿಷ್ ನಿಯಮದ ಪುಸ್ತಕವನ್ನೂ ನಮಗೆ ಬಿಟ್ಟುಹೋಗಿದ್ದ. ಹೈಸ್ಕೂಲು ಮುಗಿಸಿದವನೆಂದು ಪುಸ್ತಕ ನನ್ನ ಪಾಲಿಗೆ ಬಂತು. ಅದನ್ನು ಓದಿ ಕನ್ನಡದಲ್ಲಿ ಹೇಳುವವನು ನಾನು, ತಗಡಿನ ತುತ್ತೂರಿ ಹಿಡಿದು ರಿಂಗಿನಲ್ಲಿ ಹೆಸರು ಕೂಗುವವನೂ ನಾನೇ. ಭದ್ರಾವತಿ, ಶಿವಮೊಗ್ಗ ಎರಡಕ್ಕೂ ಸೇರಿ ಒಂದು ಕಮಿಟಿ ಇತ್ತು. ನಮ್ಮ ಹೆಡ್ ಗುಮಾಸ್ತರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಚಾಂಪಿಯನ್ ಅಧ್ಯಕ್ಷರ ಸ್ವಂತ ತಮ್ಮ.

ಗರಡಿಯವರಾದರೆ ಯಾರು ಬೇಕಾದರೂ ಅಖಾಡಕ್ಕಿಳಿದು ತೊಡೆ ತಟ್ಟಬಹುದಿತ್ತು. ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಎಲ್ಲರನ್ನೂ ಗೆದ್ದು ಮೇಲೆ ಬಂದವನನ್ನು ಕಮಿಟಿ ಮೊದಲ ಸರದಿಯವನೆಂದು ಸಾರಬೇಕು. ವರ್ಷದೊಳಗೆ ಚಾಂಪಿಯನ್ ಅವನೊಡನೆ ಆಡಲೇಬೇಕು, ಇಲ್ಲವಾದರೆ ಪಟ್ಟ ಬಿಟ್ಟುಕೊಡಬೇಕು. ನಡುವೆ ತನಗೆ ಬೇಕಾದವರನ್ನು ಆರಿಸಿಕೊಂಡು ಚಾಂಪಿಯನ್ ಆಡುತ್ತಿದ್ದರೆ ಯಾರೂ ಕೇಳುವಂತಿಲ್ಲ. ಫೌಂಡ್ರಿಯವನು ಎರಡೂ ಊರಿನವರನ್ನು ಹೊಡೆದು ಕೆಡವಿದ. ಮೊದಲ ಸರದಿ ಅವನದೆಂದು ನಾನೇ ಶೆಡ್ಡಿನಲ್ಲಿ ಸಾರಿದೆ.

"ಅಂದ್ರೆ ಇನ್ನು ನಾನು ಯಾರ್ನೂ ಕೇಳ್ಬೇಕಾಗಿಲ್ಲ. ಅವನೇ ನನ್ ಹತ್ರ ಬರ್ಬೇಕು, ಅಲ್ವಾ?"

"ರೂಲ್ ಹಂಗೇ ಹೇಳುತ್ತೆ."

"ಭೇಷ್! ಮದುವೆ ಗಂಡಾದೆ ಬಿಡು ಮಾರಾಯ, ಸುಮ್ನೆ ಕೂತಿರೋದು."

ಕೂತೇ ಇದ್ದ... ಅಧ್ಯಕ್ಷರು ನನ್ನನ್ನು ಕರೆದು, "ನಮ್ ಹುಡುಗ ಅವನ ಎದುರು ನಿಲ್ಲಲ್ಲ ಕಣ್ರೀ. ಪುಸ್ತಕದಲ್ಲಿ ಏನಾದ್ರೂ ಇದ್ದೇ ಇರುತ್ತೆ, ಹುಡುಕಿ" ಎಂದರು. ಆಗ ನನ್ನ ತಮ್ಮನಿಗೆ ಕಾರ್ಖಾನೆಯಲ್ಲಿ ಕೆಲಸ ಆಗಬೇಕಿತ್ತು. ಅದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಅದನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಎತ್ತಬೇಕಾದ ಅಗತ್ಯವೂ ಇರಲಿಲ್ಲ.

ಹುಡುಕಿದೆ. ಚಾಂಪಿಯನ್‌ನ ಕೈಗೆ ಪೆಟ್ಟಾದರೆ ವರ್ಷದ ಲೆಕ್ಕ ನಿಲ್ಲುತ್ತದೆ ಎಂದಿತ್ತು, ನಿಲ್ಲಿಸಿದೆವು. ಅನುಮಾನ ಬಂದರೆ ಸರದಿಯವನು ತನ್ನ ಅರ್ಹತೆಯನ್ನು ಮತ್ತೆ ತೋರಿಸಬೇಕು ಎಂದಿತ್ತು. ಅನುಮಾನಪಟ್ಟೆವು. ಒಮ್ಮೆ ಬಿದ್ದವರನ್ನೇ ಅವನು ಮತ್ತೆ ಕೆಡವಿದ. ಕೋಲಾರದ ಚಿನ್ನದ ಗಣಿಯ ಕಡೆಯಿಂದ ಅವನಿಗೆ ಕರೆ ಬಂದಾಗ ನಾನು ಗೆಳೆಯನಂತೆ ಹೆಗಲ ಮೇಲೆ ಕೈ ಹಾಕಿ ಹೇಳಿದೆ: "ಹೋಗ್ಬೇಡ. ಅಲ್ಲಿ ಸೋತ್ರೆ ಇಲ್ಲಿನ ಸರದಿ ಹೋಗುತ್ತೆ." ಅದೂ ಪುಸ್ತಕದಲ್ಲಿತ್ತು. ಅವನು ಹೋಗಲಿಲ್ಲ. ಹೊರಗೆ ಹೋಗುವಂತಿಲ್ಲ, ಒಳಗೆ ಕರೆಯುವವರಿಲ್ಲ. ಸಂಜೆ ಪಾಳಿ ಮುಗಿಸಿ ಬಂದು ಒಬ್ಬನೇ ಮರಳಿನ ಚೀಲಕ್ಕೆ ಗುದ್ದುತ್ತಿದ್ದ. ಆಫೀಸಿನ ಕಿಟಕಿಯ ಮುಂದೆ ಹಾದುಹೋಗುವಾಗ ಕೂಗುತ್ತಿದ್ದ: "ಏನ್ ಮಾರಾಯ, ನಿನ್ ರೂಲು ಎದ್ದೈತಾ, ಇನ್ನೂ ಮಲ್ಗೈತಾ?" ನಾನು ನಗುತ್ತಿದ್ದೆ. ಮೊದಮೊದಲು ಅವನೂ ನಗುತ್ತಿದ್ದ.

ಒಂದು ಸಂಜೆ ಸೇತುವೆಯ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ದನಿ ತಗ್ಗಿಸಿದ. "ಯಾರ್ಗೂ ಹೇಳ್ಬೇಡ. ಎಡಗಣ್ಣಿಗೆ ಹೊಗೆ ಕಟ್ದಂಗೆ ಆಗೈತೆ. ಕುಲುಮೆ ಶಾಖ. ಈ ದಸರಾಗೆ ಆಗ್ಬೇಕು, ಮುಂದಿನ್ ದಸರಾಗೆ ನಂಗೆ ಎಡಗಡೆ ಹೊಡ್ತ ಕಾಣಲ್ಲ." ನೋಡೋಣ ಎಂದೆ. ಚಹಾದ ದುಡ್ಡು ಅವನೇ ಕೊಟ್ಟ.

ಆ ದಸರಾಕ್ಕೆ ಶಿವಮೊಗ್ಗದ ಮೈದಾನದಲ್ಲಿ ಆಟ ಇಟ್ಟೆವು. ಚಾಂಪಿಯನ್ ತಾನೇ ಆರಿಸಿಕೊಂಡ ಎದುರಾಳಿ ಪೇಟೆಯ ಜವಳಿ ಅಂಗಡಿಯ ಒಬ್ಬ ದಡೂತಿ ಯುವಕ. ಅವನು ಬೇಗ ಬಿದ್ದ. ಜನ, "ಏಯ್, ಗಾದಿ ಮೇಲೆ ಮಲ್ಗೋ ಹೋಗು!" ಎಂದು ಗೇಲಿ ಮಾಡುತ್ತಿರುವಾಗಲೇ ಹಗ್ಗ ಸರಿಸಿ ಇವನು ಒಳಗೆ ಬಂದ. ಅಂಗಾಲಿಗೆ ರಾಳ ತಿಕ್ಕಿಕೊಂಡೇ ಬಂದಿದ್ದ. ಬಾಕ್ಸಿಂಗ್‌ನ ರಿಂಗಿನಲ್ಲಿ ನಿಂತು ಗರಡಿಯವರ ಹಾಗೆ ತೊಡೆ ತಟ್ಟಿದ.

ಮೈದಾನವೇ ಎದ್ದು ನಿಂತಿತು. "ಏ ತುತ್ತೂರಿ, ಹೆಸರು ಕೂಗೋ! ಕೂಗೋ ಅವನ ಹೆಸರ್ನ!"

ಚಾಂಪಿಯನ್ ಅಣ್ಣನ ಕಡೆ ನೋಡಿದ. ಅಣ್ಣ ನನ್ನ ಕಡೆ ನೋಡಿದರು. ಕೂಗಿದ್ದರೆ ಆಟ ಆಗಲೇಬೇಕಿತ್ತು, ಅಷ್ಟು ಜನರೆದುರು ಯಾರೂ ತಡೆಯಲು ಆಗುತ್ತಿರಲಿಲ್ಲ. ತೊಡೆ ತಟ್ಟಿದವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಕೂಗು ಮಾರಾಯ. ಸೋತ್ರೆ ಸೋಲ್ತೀನಿ."

ತುತ್ತೂರಿ ಎತ್ತಿದೆ. "ಸರದಿ ಬರುವ ಮೊದಲೇ ರಿಂಗು ಹತ್ತಿದವನ ಸರದಿ ರದ್ದು. ಇದು ನಿಯಮ" ಎಂದೆ.

ಅಂಥ ನಿಯಮ ಪುಸ್ತಕದಲ್ಲಿ ಇರಲೇ ಇಲ್ಲ. ಅದು ಆ ಗಳಿಗೆಯಲ್ಲಿ ನನ್ನ ಬಾಯಲ್ಲಿ ಹುಟ್ಟಿದ್ದು. ಆ ಪುಸ್ತಕವನ್ನು ಓದಬಲ್ಲ ಇನ್ನೊಬ್ಬರೆಂದರೆ ಅಧ್ಯಕ್ಷರು. ಅವರು ಹೌದೆಂದು ತಲೆಯಾಡಿಸಿದರು.

ಅವನು ಜಗಳ ಆಡಿದ್ದರೆ, ನನ್ನ ಕಪಾಳಕ್ಕೆ ಒಂದು ಕೊಟ್ಟಿದ್ದರೆ, ಇಷ್ಟು ವರ್ಷ ಇದು ಉಳಿಯುತ್ತಿರಲಿಲ್ಲವೇನೋ. ಅವನು ನಂಬಿದ. "ಹಂಗೈತಾ? ನಂಗೊತ್ತಿರ್ಲಿಲ್ವಲ್ಲ ಮಾರಾಯ... ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ" ಎಂದು ಹಗ್ಗ ಸರಿಸಿ ಇಳಿದುಹೋದ.

ತಮ್ಮನಿಗೆ ಕೆಲಸವಾಯಿತು. ಚಾಂಪಿಯನ್ ಸ್ವಲ್ಪ ಕಾಲದಲ್ಲಿ ಆಟವನ್ನೇ ಬಿಟ್ಟ. ಶೆಡ್ಡಿಗೆ ಬೀಗ ಬಿತ್ತು. ಫೌಂಡ್ರಿಯಲ್ಲಿ ಯಾರಾದರೂ ಆ ಮಾತು ತೆಗೆದರೆ ಅವನು, "ನಂದೇ ತಪ್ಪು, ನಾನೇ ದುಡುಕ್ಬಿಟ್ಟೆ" ಎನ್ನುತ್ತಿದ್ದನಂತೆ. ಇದು ನನ್ನ ಕಿವಿಗೂ ಬಿತ್ತು. ಕಡತದ ಮೇಲೆ ತಲೆ ಬಗ್ಗಿಸಿದೆ. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣೂ ಮಂಜಾಯಿತು, ಅವನನ್ನು ಗೇಟಿನ ಕೆಲಸಕ್ಕೆ ಹಾಕಿದರು. ದಿನಾ ಆ ಗೇಟಿನಲ್ಲೇ ಹೋಗಬೇಕಾದವನು ನಾನು. ದನಿ ಕೇಳಿದರೆ ಗುರುತು ಹಿಡಿಯುತ್ತಾನೆಂದು ಅಲ್ಲಿ ಬಾಯಿ ಮುಚ್ಚಿಕೊಂಡು ದಾಟುತ್ತಿದ್ದೆ. ನಿವೃತ್ತಿಯಾಗುವವರೆಗೂ ದಾಟಿದೆ... ಆಮೇಲೆ ಎಂದೋ ಒಬ್ಬ ಲಾರಿ ಡ್ರೈವರ್, ಅವನು ತೀರಿಕೊಂಡನೆಂದು ಹೇಳಿದ. ಮಣ್ಣಿಗೂ ನಾನು ಹೋಗಲಿಲ್ಲ.

ರಿಪೇರಿಯವನು ತಿರುಪು ಬಿಗಿದು ಗುಂಡಿ ತಿರುಗಿಸಿದ. ರೇಡಿಯೋದಲ್ಲಿ ಯಾರೋ ಯಾವುದೋ ಊರಿನ ಹೆಸರು ಹೇಳುತ್ತಿದ್ದರು. ಅವನು ಹೋದ ಮೇಲೂ ರಾಳದ ವಾಸನೆ ಮನೆಯಲ್ಲಿ ಬಹಳ ಹೊತ್ತು ಇತ್ತು. ಕ್ಷಮೆ ಕೇಳಲು ಈಗ ಯಾರೂ ಇಲ್ಲ. ಆ ದಿನ ಮೈದಾನದಲ್ಲಿ ನಾನು ಕೂಗಬೇಕಾಗಿದ್ದದ್ದನ್ನು ಇಲ್ಲಿ ಬರೆದು ನಿಲ್ಲಿಸುತ್ತೇನೆ.

ಮೊದಲ ಸರದಿಯವನು, ಭದ್ರಾವತಿಯ ಫೌಂಡ್ರಿಯ ದಸ್ತಗೀರ್.