ಇಲಿಯ ಹೆಂಡತಿಗೆ ಹರಕೆ ಇಲ್ಲ

ನನ್ನ ಗಂಡ ತೀರಿಕೊಂಡ ಮೇಲೆ ಮಾತಾಡಿಸಲೆಂದು ತಂಗಿಯ ಮಗಳು ರಾಣೆಬೆನ್ನೂರಿಗೆ ಬಂದಳು. ಕಾಲೇಜಿನ ಪ್ರಯೋಗಾಲಯದಲ್ಲಿ ಇಲಿಗಳಿಗೆ ಕಳೆನಾಶಕ ಉಣಿಸುವುದು ಅವಳ ಕೆಲಸ. ಗಂಡಿಲಿಗಳ ವೃಷಣ ಕುಗ್ಗಿದೆಯೇ, ವೀರ್ಯಾಣು ಕಡಿಮೆಯಾಗಿವೆಯೇ ಎಂದು ನೋಡುತ್ತಾರಂತೆ. ಕೆಲವಕ್ಕೆ ಹಾಗೆಯೇ ಆಗಿದೆಯಂತೆ.

"ಮನಷ್ಯಾರಿಗೂ ಹಂಗ ಆಗತೈತೇನ?" ಎಂದೆ.

"ಇಲಿ ನೋಡಿ ಮನಷ್ಯಾರ ಬಗ್ಗೆ ಹೇಳಾಕ ಬರಂಗಿಲ್ಲ ದೊಡ್ಡವ್ವ. ತಪಾಸ ಮಾಡಬೇಕು."

ಎಂಥ ಎಚ್ಚರ! ನನ್ನ ವಿಷಯದಲ್ಲಿ ಯಾರಿಗೂ ಇಷ್ಟು ಅನುಮಾನ ಬಂದಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಹಾವೇರಿಯಲ್ಲಿ ನನ್ನನ್ನೇ ಪರೀಕ್ಷೆ ಮಾಡಿಸಿದರು. ದೋಷ ಸಿಗಲಿಲ್ಲವೆಂದು ಮತ್ತೊಮ್ಮೆ ಮಾಡಿಸಿದರು. ಆಮೇಲೆ ಅತ್ತೆ ಕದರಮಂಡಲಗಿಯ ಹನುಮಪ್ಪನಿಗೆ ಹರಕೆ ಹೊರಿಸಿದರು. ಮಕ್ಕಳನ್ನು ಬೇಡಲು ಬ್ರಹ್ಮಚಾರಿ ದೇವರು! ಪುಣ್ಯಕ್ಕೆ ಅವನೊಬ್ಬ ನನ್ನನ್ನು ಬಂಜೆ ಎನ್ನಲಿಲ್ಲ. ಇಲಿಯ ಹೆಂಡತಿಗೆ ಈ ಓಡಾಟವೇ ಇಲ್ಲ.

ನಮ್ಮದು ಬೆಂಡೆ ಬೀಜದ ಹೊಲ. ಹೆಣ್ಣು ಸಾಲಿನ ಹೂವಿಗೆ ಗಂಡು ಸಾಲಿನ ಪರಾಗವನ್ನು ಕೈಯಿಂದ ಮುಟ್ಟಿಸಬೇಕು. ಕಾಯಿ ಕಚ್ಚದಿದ್ದರೆ ನನ್ನ ಗಂಡ ಮೊದಲು ಗಂಡು ಹೂವನ್ನು ಉಗುರಿಗೆ ಉಜ್ಜಿ ಪುಡಿ ಇದೆಯೇ ನೋಡುತ್ತಿದ್ದರು. "ಹೆಣ್ಣಿಗೆ ಯಾಕ ಬೈತೀರಿ, ಗಂಡಿನಾಗ ದಮ್ಮ ಐತೇನ ನೋಡ್ರಿ" ಎಂದು ಆಳುಗಳಿಗೆ ಪಾಠ ಬೇರೆ. ಪಾಠ ಮುಗಿಸಿ, ಕಳೆ ಔಷಧವನ್ನು ಬರಿಗೈಯಲ್ಲಿ ಕಲಸಿ, ಸೋರುವ ಪಂಪನ್ನು ಬೆನ್ನಿಗೇರಿಸುತ್ತಿದ್ದರು. ಸಂಜೆ ಬರುವಾಗ ಲುಂಗಿ ತೊಡೆಯವರೆಗೆ ತೊಯ್ದಿರುತ್ತಿತ್ತು. ಅವರ ಆ ಜಾಣತನ ಮಾತ್ರ ಬದು ದಾಟಿ ಮನೆಗೆ ಬರಲಿಲ್ಲ. ಅತ್ತೆ ನನ್ನನ್ನು ಬೈದ ದಿನ ಬ್ಯಾಡಗಿಯಿಂದ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದರು. ನನಗೆ ಅದೇ ಚಿಕಿತ್ಸೆ. ಈಗ ಅದೂ ಇಲ್ಲ.

ಮೊನ್ನೆ ಮೈದುನ ಆ ಪಂಪು ಕೇಳಿಕೊಂಡು ಬಂದ. ಹೊಸದಾಗಿ ಮದುವೆಯಾದವನು, ಅವನ ಹೆಂಡತಿಯನ್ನು ಅತ್ತೆ ಆಗಲೇ ಹನುಮಪ್ಪನ ಗುಡಿಗೆ ಕರೆದೊಯ್ದಾಗಿದೆ. ಕೊಡುವುದಿಲ್ಲ ಎಂದರೆ ಕಾರಣ ಹೇಳಬೇಕು. ಹೇಳಿದರೆ ನನ್ನ ಮೇಲಿನ ದೋಷ ತೀರಿಹೋದವರ ತಲೆಗೆ ಹೋಗುತ್ತದೆ, ಅದೂ ಪುರಾವೆಯಿಲ್ಲದೆ. ಆದರೂ ಇಲಿಗಳ ಸಂಗತಿ ಹೇಳಿಬಿಟ್ಟೆ.

"ಸತ್ತವನ ಮ್ಯಾಲೆ ಹಾಕತೀಯೇನ?" ಎಂದರು ಅತ್ತೆ.

"ನನಗ ಗೊತ್ತಿಲ್ರಿ ಅತ್ತಿ. ಅವರನ್ನ ಯಾರೂ ತಪಾಸ ಮಾಡಸಲಿಲ್ಲ. ಇವನನ್ನಾರ ಮೊದಲ ಮಾಡಸ್ರಿ."

ಮೈದುನ ನಕ್ಕ. "ನಾ ಏನ ಇಲಿ ಏನ್ರಿ, ವೈನಿ?"

"ಇಲಿ ಆಗಿದ್ರ ಇಷ್ಟೊತ್ತಿಗೆ ತಪಾಸ ಆಗಿರತಿತ್ತಪಾ."

ಅವನ ನಗು ನಿಂತಿತು. ಪಂಪು ಒಯ್ಯದೆ ಹೋದ. ಸಿಟ್ಟಿಗೋ ಅಂಜಿಕೆಗೋ ಗೊತ್ತಿಲ್ಲ. ಅತ್ತೆ ಮಾತು ಬಿಟ್ಟಿದ್ದಾರೆ, ಮನೆ ತಣ್ಣಗಿದೆ. ಪಂಪು ಹಿತ್ತಲಲ್ಲೇ ಇದೆ. ಅದರ ಪಟ್ಟಿ ಇನ್ನೂ ನನ್ನ ಗಂಡನ ಹೆಗಲಿನ ಅಳತೆಗೇ ಬಿಗಿದಿದೆ, ನಾನು ಸಡಿಲಿಸಿಲ್ಲ.