ಸಾವಿನ ಮನೆಗೆ ಜೋಳ ಬೇಯಿಸುವ ಎಲ್ಡೀನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲೂಸಿಯಾನಾದ ಗ್ರಾಂ ಶೆನ್ ಊರಿನ ಅಂಚಿನಲ್ಲಿ, ಭತ್ತದ ಗದ್ದೆಗೆ ಬೆನ್ನು ಮಾಡಿ ನಿಂತ ಮನೆಯ ಕಾರು ಶೆಡ್ಡಿನಲ್ಲಿ ಎಲ್ಡೀನ್ ವೀಡ್ರಿನ್ ಮೆಕ್ಕೆಜೋಳದ ಸಿಪ್ಪೆ ಸುಲಿಯುತ್ತ ಕೂತಿದ್ದಾರೆ. ಸುಲಿದ ತೆನೆಯನ್ನು ಪಾತ್ರೆಯೊಳಗೆ ನೆಟ್ಟಗೆ ನಿಲ್ಲಿಸಿ, ಮೊದಲು ಕಾಳಿನ ನೆತ್ತಿಯನ್ನಷ್ಟೇ ತೆಳುವಾಗಿ ಹೆರೆಯುತ್ತಾರೆ. ಆಮೇಲೆ ಇನ್ನೊಂದು ಸಲ. ಕೊನೆಗೆ ಚಾಕುವಿನ ಬೆನ್ನಿನಿಂದ ದಿಂಡನ್ನು ಒತ್ತಿ ಎಳೆದರೆ ಜೋಳದ ಹಾಲು ಪಿಚಕ್ಕೆಂದು ಹಾರುತ್ತದೆ. ಕನ್ನಡಕದ ಮೇಲೆ, ಕೂದಲ ಮೇಲೆ, ಎಲ್ಲೆಲ್ಲೂ ಹಾಲೇ ಹಾಲು.

"ಈ ಹಾಲು ಬಿಸಾಕೋರು ಜೋಳ ಮಾಡೋಕೇ ಹೋಗ್ಬಾರ್ದು. ಡಬ್ಬಿ ಜೋಳ ತಂದು ಸುರೀತಾರಲ್ಲ, ಅವ್ರ ಹತ್ರ ನಾನು ಮಾತೇ ಆಡಲ್ಲ," ಎನ್ನುತ್ತಾರೆ. ಇವತ್ತು ಹತ್ತು ಗಂಟೆಗೆ ಊರಿನ ಆಝಿಲ್ ಅಜ್ಜಿಯನ್ನು ಮಣ್ಣು ಮಾಡುತ್ತಾರೆ. ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಊಟ. ಫೆಬ್ರವರಿ ಆದ ಮೇಲೆ ಎಲ್ಡೀನ್ ಊರಿಗಾಗಿ ಒಲೆ ಹಚ್ಚುತ್ತಿರುವುದು ಇದೇ ಮೊದಲು.

ಈ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಫಾದರ್‌ಗೆ ಒಂದು ಫೋನು ಹೋಗುತ್ತದೆ, ಎಲ್ಡೀನ್‌ಗೆ ಇನ್ನೊಂದು. ಯಾವುದು ಮೊದಲು ಎಂದು ಕೇಳಿದರೆ ಫಾದರ್ ನಕ್ಕು ಸುಮ್ಮನಾಗುತ್ತಾರೆ. ವಾರವೆಲ್ಲ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಎಲ್ಡೀನ್, ರಜೆ ಹಾಕಿಯಾದರೂ ಸರಿ, ಸಾವಿನ ಮನೆಯವರಿಗೆ ಕೆನೆ ಹಾಕಿದ ಜೋಳ ಮತ್ತು ಸಾಸೇಜ್ ಬೇಯಿಸಿ ಕಳಿಸುತ್ತಾರೆ. ವರ್ಷಕ್ಕೆ ಇಪ್ಪತ್ತು ಸಲಕ್ಕೆ ಕಮ್ಮಿ ಇಲ್ಲ. ಹಾಲ್ ತುಂಬುವಂಥ ಸಾವಾದರೆ ಇನ್ನೂರು ತೆನೆ ಬೇಕು. ಅಡುಗೆ ಮಾಡಿದ್ದು ಯಾರೆಂದು ಪರವೂರಿನಿಂದ ಬಂದ ನೆಂಟರು ಕೇಳುವುದೂ ಇಲ್ಲ, ಯಾರೂ ಹೇಳುವುದೂ ಇಲ್ಲ.

ಇದೆಲ್ಲ ಶುರುವಾದದ್ದು ಅವರ ಅಪ್ಪ ಹೋದಾಗ. ಎಲ್ಡೀನ್ ಆಗ ಇನ್ನೂ ಚಿಕ್ಕವರು. "ಅಮ್ಮ ಎರಡು ದಿನ ನೀರೂ ಮುಟ್ಟಿರ್ಲಿಲ್ಲ. ಪಕ್ಕದ ಮನೆಯೋರು ಒಂದ್ ಪಾತ್ರೆ ಜೋಳ ತಂದಿಟ್ರು. ಅಮ್ಮ ಒಂದ್ ತುತ್ತು ತಿಂದ್ಲು, ಆಮೇಲೆ ಇನ್ನೊಂದು. ಅಬ್ಬಾ, ನಮ್ಮಮ್ಮ ಸಾಯಲ್ಲ ಅಂತ ನಂಗೆ ಆಗ ಧೈರ್ಯ ಬಂತು."

ಹೋದ ಚಳಿಗಾಲದಲ್ಲಿ ಎಲ್ಡೀನ್‌ಗೆ ಒಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಎಲ್ಡೀನ್ ಗಂಡನಿಗೂ ಹೇಳಲಿಲ್ಲ. ರುಚಿ ಗೊತ್ತಾಗದವಳನ್ನು ಊರಿಗೆ ಅಡುಗೆ ಮಾಡು ಎಂದು ಯಾರು ಕರೆಯುತ್ತಾರೆ?

ಫೆಬ್ರವರಿಯಲ್ಲಿ ಊರಿನ ಪಿಟೀಲು ವಾದಕರೊಬ್ಬರು ತೀರಿಕೊಂಡಾಗ ಎಡವಟ್ಟಾಯಿತು. ಹೊಗೆ ಹಾಕಿದ ಸಾಸೇಜಿನಲ್ಲಿ ಉಪ್ಪಿರುತ್ತದೆ, ಖಾರದ ಮಸಾಲೆ ಪುಡಿಯಲ್ಲೂ ಉಪ್ಪಿರುತ್ತದೆ. ಅದಕ್ಕೇ ಸಾಸೇಜ್ ಜೋಳದ ಜೊತೆ ಬೆಂದು ತನ್ನ ಉಪ್ಪು ಬಿಡುವವರೆಗೂ ಪುಡಿ ಡಬ್ಬಿ ಮುಟ್ಟಬಾರದು. ಊರಿನ ಹೆಣ್ಣುಮಕ್ಕಳಿಗೆಲ್ಲ ಇದನ್ನು ಕಲಿಸಿದವರೇ ಎಲ್ಡೀನ್. ಅವತ್ತು ಬಾಯಿಗೆ ಹಾಕಿಕೊಂಡರು, ಸಪ್ಪೆ. ಪುಡಿ ಉದುರಿಸಿದರು. ಮತ್ತೆ ನೋಡಿದರು, ಸಪ್ಪೆ. ಮತ್ತೆ ಉದುರಿಸಿದರು.

ಹಾಲ್‌ನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ತಟ್ಟೆ ಖಾಲಿ ಮಾಡಿ, ಕೈ ಕುಲುಕಿ, ಥ್ಯಾಂಕ್ಸ್ ಹೇಳಿ ಹೋದರು. ತಣ್ಣನೆ ಟೀ ಇಟ್ಟಿದ್ದ ಜಗ್ಗುಗಳನ್ನು ಮಾತ್ರ ಮೂರು ಸಲ ತುಂಬಿಸಿದರೂ ಸಾಲಲಿಲ್ಲ. ಎಲ್ಡೀನ್‌ಗೆ ವಿಷಯ ಗೊತ್ತಾದದ್ದು ಮನೆಗೆ ಬಂದು, ಉಳಿದದ್ದನ್ನು ನಾಯಿಗೆ ಹಾಕಿದಾಗ. ಅದು ಎರಡು ಸಲ ನೆಕ್ಕಿ, ಸೀದಾ ನೀರಿನ ಬಟ್ಟಲಿಗೆ ಹೋಗಿ ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು.

"ಬೈದಿದ್ರೆ ಅತ್ತು ಸುಮ್ನಾಗ್ತಿದ್ದೆ. ಪಾಪ ಅಂತ ಬಾಯ್ಮುಚ್ಕೊಂಡು ತಿಂದ್ರಲ್ಲ, ಅದು ಹೊಟ್ಟೆ ಸುಟ್ಬಿಡ್ತು," ಎನ್ನುತ್ತಾರೆ. ಆಮೇಲೆ ಫೋನು ಬಂದಾಗೆಲ್ಲ ಸೊಂಟನೋವು ಎಂದು ಸುಳ್ಳು ಹೇಳಿದರು. ನಿಧಾನಕ್ಕೆ ಫೋನು ಬರುವುದೂ ನಿಂತಿತು.

ಈ ವಾರ ಆಝಿಲ್ ಅಜ್ಜಿಯ ಗಂಡ, ಊರಿಗೆಲ್ಲ ಮಾವನಾದ ಅಲ್ಸೀಡ್, ಫೋನು ಮಾಡಲಿಲ್ಲ. ಹ್ಯಾಟು ಕೈಯಲ್ಲಿ ಹಿಡಿದು ಬಾಗಿಲಿಗೇ ಬಂದು ನಿಂತರು.

"ನಿನ್ ಜೋಳಾನೇ ಆಗ್ಬೇಕು ಅಂತ ಹೇಳಿಟ್ಟಿದ್ದಾಳೆ ಕಣಮ್ಮ."

"ಮಾವ, ಫೆಬ್ರವರೀಲಿ ನೀವಿಬ್ರೂ ತಿಂದಿದ್ರಲ್ಲ!"

"ತಿಂದ್ವಿ. ಅದಾದ್ಮೇಲೇ ಅವಳು ಹೇಳಿದ್ದು."

ಇನ್ನು ಇಲ್ಲ ಎನ್ನುವುದು ಹೇಗೆ? ಒಪ್ಪಿಕೊಂಡ ಮೇಲೆ ರಾತ್ರಿಯಿಡೀ ನಿದ್ದೆ ಇಲ್ಲ. ಅಜ್ಜಿಯ ಕಡೆಯ ಊಟವೂ ಕೆಟ್ಟರೆ ಈ ಊರಿನಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ಕೊನೆಗೆ ಎಲ್ಡೀನ್ ತಾವು ಯಾವತ್ತೂ ಮಾಡದ ಕೆಲಸ ಮಾಡಿದರು. ಗಂಡನ ಅಕ್ಕ ಜೆನೀವ್‌ಗೆ ಎಲ್ಲ ಹೇಳಿ, ಸಹಾಯಕ್ಕೆ ಕರೆದರು. ಜೋಳಕ್ಕೆ ಸಕ್ಕರೆ ಹಾಕುವ ಜೆನೀವ್‌ಗೂ, ಸಕ್ಕರೆ ಹಾಕಿದರೆ ಪಾಯಸ ಎನ್ನುವ ಎಲ್ಡೀನ್‌ಗೂ ಮದುವೆಯಾದಾಗಿನಿಂದ ಎಣ್ಣೆ-ಸೀಗೆಕಾಯಿ.

"ಗೊತ್ತು ಕಣೇ," ಎಂದರಂತೆ ಜೆನೀವ್. "ಇಡೀ ಊರಿಗೇ ಗೊತ್ತು. ನೀನಾಗೇ ಬಾಯ್ಬಿಡ್ತೀಯ ಅಂತ ಕಾಯ್ತಿದ್ವಿ."

ಅದನ್ನು ಕೇಳಿ ಎಲ್ಡೀನ್ ಫೋನು ಹಿಡಿದುಕೊಂಡೇ ಅತ್ತರು. ಎದೆಯ ಮೇಲಿನ ಭಾರ ಅರ್ಧ ಇಳಿದದ್ದು ಆಗಲೇ.

ಈಗ ಕಪ್ಪು ಕಬ್ಬಿಣದ ಪಾತ್ರೆಯಲ್ಲಿ ಸಾಸೇಜ್ ಬಿಲ್ಲೆಗಳು ಚುರುಗುಡುತ್ತಿವೆ. ಕೆಂಪಗಾದ ಮೇಲೆ ಅವನ್ನು ತೆಗೆದಿಟ್ಟು, ಅದೇ ಕೊಬ್ಬಿನಲ್ಲಿ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೆಲರಿ ಬಾಡಿಸಿ ಜೋಳ ಸುರಿಯುತ್ತಾರೆ. ವಾಸನೆ ಹಿಡಿದು ನಾಯಿ ಬಾಲ ಆಡಿಸುತ್ತಿದೆ, ಎಲ್ಡೀನ್ ಮೂಗಿಗೆ ಏನೂ ಇಲ್ಲ. ಕಿವಿಯಲ್ಲಿ ಕೇಳಿ, ಕಣ್ಣಲ್ಲಿ ನೋಡಿ ಉರಿ ತಗ್ಗಿಸುತ್ತಾರೆ. ಕೊನೆಗೆ ಸಾಸೇಜ್ ಮತ್ತೆ ಒಳಗೆ, ಅದರ ಮೇಲೆ ಕೆನೆ. ಚೆನ್ನಾಗಿ ಕುದಿಸಿ, ಒಂದಿಷ್ಟೇ ಪುಡಿ ಉದುರಿಸಿ, ಸೌಟು ಜೆನೀವ್ ಕೈಗೆ ಕೊಡುತ್ತಾರೆ.

"ಸಕ್ಕರೆ ಒಂದ್ ಚಿಟಿಕೆ ಹಾಕ್ಲಾ?"

"ಅತ್ತಿಗೆ, ನಿಮ್ಮನ್ನ ಕರೆದಿದ್ದು ಉಪ್ಪು ನೋಡೋಕೆ. ಸಕ್ಕರೆ ಡಬ್ಬಿ ಮುಟ್ಟಿದ್ರೆ ಕೈ ಮುರೀತೀನಿ."

ಜೆನೀವ್ ಕಣ್ಣು ಮುಚ್ಚಿ ರುಚಿ ನೋಡುತ್ತಾರೆ. "ಸಾಕು."

ಎಲ್ಡೀನ್ ತಾವೂ ಒಂದು ಚಮಚ ಬಾಯಿಗೆ ಹಾಕಿಕೊಳ್ಳುತ್ತಾರೆ. ಸಪ್ಪೆ. ಕೈ ತಾನಾಗಿ ಪುಡಿ ಡಬ್ಬಿಯ ಕಡೆ ಹೋಗುತ್ತದೆ.

"ಸಾಕಾ?"

"ಸಾಕು ಅಂದ್ನಲ್ಲೇ ಮಾರಾಯ್ತಿ!"

ಎಲ್ಡೀನ್ ಡಬ್ಬಿ ಬಿಟ್ಟು, ಪಾತ್ರೆಗೆ ಮುಚ್ಚಳ ಹಾಕುತ್ತಾರೆ.

ಮಧ್ಯಾಹ್ನ ಹಾಲ್‌ನಲ್ಲಿ ಅವರು ಯಾರ ಮುಖವನ್ನೂ ನೋಡುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಟೀ ಜಗ್ಗುಗಳನ್ನೇ ನೋಡುತ್ತಿರುತ್ತಾರೆ. ಎಲ್ಲರಿಗೂ ಬಡಿಸಿಯಾಗಿದೆ, ಜಗ್ಗುಗಳು ಇನ್ನೂ ಅರ್ಧಕ್ಕೂ ಇಳಿದಿಲ್ಲ. ಅಷ್ಟರಲ್ಲಿ ಅಲ್ಸೀಡ್ ಮಾವ ತಟ್ಟೆ ಹಿಡಿದು ನೇರ ಅವರ ಎದುರಿಗೇ ಬರುತ್ತಾರೆ.

"ಎಲ್ಡೀನ್, ಉಪ್ಪು ಒಂಚೂರು ಕಮ್ಮಿ ಆಯ್ತು ಕಣಮ್ಮ."

ಜೆನೀವ್ ಮುಖ ಕೆಂಪೇರುತ್ತದೆ. ಎಲ್ಡೀನ್ ಮಾತ್ರ ಕೈಗೆ ಸಿಕ್ಕ ಕುರ್ಚಿಯಲ್ಲಿ ಕುಸಿದು ನಗುತ್ತಾರೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಸದ್ಯ, ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ!

"ಮುಂದಿನ್ ಸಲ ಸರಿ ಮಾಡ್ತೀನಿ ಮಾವ."

"ಮುಂದಿನ್ ಸಲ ನನ್ ಸಾವಿನ್ ಊಟಾನೇ ಇರುತ್ತೆ, ಆಗ ನಂಗೆ ಹೇಗೆ ಸಿಗುತ್ತೆ?" ಅಲ್ಸೀಡ್ ಮಾವ ತಟ್ಟೆ ಮುಂದೆ ಚಾಚುತ್ತಾರೆ. "ಇನ್ನೊಂದ್ ಸೌಟು ಈಗ್ಲೇ ಹಾಕು."