ಮೇಪಲ್ ಬುಡದ ಬೆಳ್ಳಿ ಡಾಲರ್

ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸವೇ ಹೇಸಿಗೆಯದು. ಮಲ, ಮೂತ್ರ, ಕಫ, ಕೀವು, ಜನ ಬಾಯಿಬಿಟ್ಟು ಹೇಳಲು ನಾಚುವುದೆಲ್ಲ ಸಣ್ಣ ಡಬ್ಬಿಗಳಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ಗ್ಲೌಸ್ ಕಳಚಿ, ಕೈ ತೊಳೆದು, ಪಕ್ಕದ ಕೋಣೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆ. ನನಗೆ ಯಾವುದೂ ಅಸಹ್ಯವಾಗುವುದಿಲ್ಲ ಎಂದುಕೊಂಡಿದ್ದೆ.

ಕಾರು ಕಂಪನಿಗಳು ಒಂದರ ಹಿಂದೊಂದು ಮುಗ್ಗರಿಸುತ್ತಿದ್ದ ವರ್ಷಗಳು ಅವು. ಡೆಟ್ರಾಯಿಟ್ ಸುತ್ತಮುತ್ತ ನಮಗೆ ಗೊತ್ತಿದ್ದ ಕನ್ನಡದ ಮನೆಗಳಲ್ಲಿ ಯಾರಾದರೊಬ್ಬರು ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ಗಂಡ. ಆಬರ್ನ್ ಹಿಲ್ಸ್‌ನಲ್ಲಿ ಬ್ರೇಕ್ ಡಿಸೈನ್ ಮಾಡುತ್ತಿದ್ದವರು, ಒಂದು ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಬ್ಯಾಡ್ಜ್ ಉಜ್ಜಿದರೆ ಹಸಿರು ದೀಪ ಹತ್ತಲಿಲ್ಲ. ಹನ್ನೊಂದು ಗಂಟೆಗೆಲ್ಲ ಮನೆಗೆ ಬಂದು ಲಾನ್ ಕತ್ತರಿಸಲು ಶುರು ಮಾಡಿದರು.

ಮೊದಮೊದಲು ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಅಪ್ಲೈ ಮಾಡುತ್ತಿದ್ದರು. ಬೇಸಿಗೆಯ ಹೊತ್ತಿಗೆ ಅದೂ ನಿಂತಿತು. ಆಗಲೇ ನಮ್ಮ ಬಡಾವಣೆಯಲ್ಲಿ ಯಾರೋ ಹಳೆ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲ್‌ನಿಂದ ಆ ಯಂತ್ರ ತಂದದ್ದು: ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಂಥದ್ದು, ಕಿವಿಗೆ ಹೆಡ್‌ಫೋನ್. ನೆಲದಡಿ ಲೋಹವಿದ್ದರೆ ಕುಂಯ್ ಎನ್ನುತ್ತಿತ್ತು.

"ಆ ಪಾರ್ಕು ನೂರು ವರ್ಷದ್ದು ಕಣೆ. ಜನ ಪಿಕ್ನಿಕ್‌ಗೆ ಬಂದು, ಹುಲ್ಲಿನ ಮೇಲೆ ಉರುಳಾಡಿ ಎದ್ದು ಹೋಗಿರ್ತಾರೆ. ಜೇಬಿಂದ ಎಷ್ಟು ಬಿದ್ದಿರಬಹುದು, ಯೋಚ್ನೆ ಮಾಡು" ಎಂದರು. ತುಂಬ ದಿನಗಳ ಮೇಲೆ ಮುಖದಲ್ಲಿ ಕಳೆ ಇತ್ತು. ನಾನೂ ಹೂಂ ಅಂದೆ.

ಮನೆಯಿಂದ ಎರಡು ಮೈಲಿ ದೂರದ ಪಾರ್ಕು. ಅಗೆದ ಗುಂಡಿಯನ್ನು ಮುಚ್ಚಿ ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅಡಿಗೆಮನೆಯ ಸಿಂಕ್ ಕೆಸರಾಗಿರುತ್ತಿತ್ತು. ದೋಸೆ ಹಿಟ್ಟು ಕಲಸುವ ಪಾತ್ರೆಯಲ್ಲಿ ವಿನಿಗರ್ ಸುರಿದು ತಂದದ್ದನ್ನೆಲ್ಲ ನೆನೆಹಾಕಿರುತ್ತಿದ್ದರು: ಬಿಯರ್ ಕ್ಯಾನಿನ ಕೊಂಡಿಗಳು, ತುಕ್ಕು ಹಿಡಿದ ಮುಚ್ಚಳಗಳು, ಕೂದಲು ಸುತ್ತಿಕೊಂಡ ಹೇರ್‌ಪಿನ್ನು, ಒಮ್ಮೆ ಯಾರದೋ ಹಲ್ಲುಸೆಟ್ಟಿನ ತಂತಿ. ಅವುಗಳ ನಡುವೆ ಎಲ್ಲೋ ಒಂದು ನಿಜವಾದ ಹಳೆಯ ನಾಣ್ಯ, ಗೋಧಿ ತೆನೆಯ ಚಿತ್ರವಿದ್ದ ತಾಮ್ರದ ಸೆಂಟ್. ಮೇಲೆ ಕಂದು ನೊರೆ ತೇಲುತ್ತಿತ್ತು.

"ದಟ್ಸ್ ಗ್ರೋಸ್, ಅಪ್ಪ" ಎಂದು ಮಗಳು ಮೂಗು ಮುಚ್ಚಿಕೊಂಡು ಹೋಗುತ್ತಿದ್ದಳು. ನಾನು ಆ ಪಾತ್ರೆಯನ್ನು ಎಸೆದು ಬೇರೆಯದು ತಂದೆ. ಒಂದು ವಾರದಲ್ಲಿ ಅದರಲ್ಲೂ ವಿನಿಗರ್ ಕಂಡಿತು. ನಾನು ಜಗಳವಾಡಲಿಲ್ಲ. ಕೆಲಸ ಹೋದವರ ಮೇಲೆ ಕೂಗಾಡಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಅವರ ಉಗುರುಗಳ ಸಂದಿಯ ಕಪ್ಪು ಕಂಡರೆ ಮುಖ ತಿರುಗಿಸುತ್ತಿದ್ದೆ.

ಅಕ್ಟೋಬರಿನ ಒಂದು ಶನಿವಾರ "ನೀನೂ ಒಂದ್ಸಲ ಬಾ" ಎಂದು ಒತ್ತಾಯಿಸಿದರು. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಸ್ವೆಟರ್ ಹಾಕಿಕೊಂಡು ಹೊರಟೆ.

ಪಾರ್ಕಿನ ಹಿಂಭಾಗದಲ್ಲಿ ಒಂದು ದೊಡ್ಡ ಮೇಪಲ್ ಮರ. ಉದುರಿದ ಎಲೆಗಳನ್ನು ಕಾಲಲ್ಲಿ ಸರಿಸುತ್ತ ಅವರು ಕೋಲು ಆಡಿಸುತ್ತ ಹೋದರು. ಬುಡದ ಹತ್ತಿರ ನಿಂತುಬಿಟ್ಟರು. ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟರು. ಸಣ್ಣ, ಶುದ್ಧವಾದ ಸದ್ದು.

"ಬೆಳ್ಳಿ" ಎಂದರು ಪಿಸುದನಿಯಲ್ಲಿ.

ಮಣ್ಣು ಮೆತ್ತಗಿತ್ತು. ಒಂದು ಗೇಣು ಅಗೆಯುವುದರಲ್ಲಿ ಬಟ್ಟೆ ಸಿಕ್ಕಿತು, ಹೂವಿನ ಅಂಚಿನ ಟವೆಲ್. ಅದನ್ನು ಸರಿಸಿದಾಗ ವಾಸನೆ ಬಂತು. ಲ್ಯಾಬಿನಲ್ಲಿ ಎಷ್ಟೋ ವಾಸನೆ ಸಹಿಸಿದ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ. ಬಿಳಿ ಕೂದಲು, ಅದರಡಿ ಸಣ್ಣ ಎಲುಬುಗಳು, ಕೆಂಪು ಚರ್ಮದ ಪಟ್ಟಿ. ನಾಯಿ. ಪಟ್ಟಿಯಲ್ಲಿ ರೂಪಾಯಿಗಿಂತ ದೊಡ್ಡದೊಂದು ನಾಣ್ಯ, ಮೇಲೆ ತೂತು ಕೊರೆದು ಉಂಗುರದಿಂದ ತೂಗುಹಾಕಿದ್ದರು.

"ಮುಚ್ಚಿ ಬಿಡಿ" ಎಂದೆ.

"ಸಿಲ್ವರ್ ಡಾಲರ್ ಕಣೆ ಇದು. ಹಳೇದು."

ಪಟ್ಟಿ ಬಿಡಿಸಲು ಬರಲಿಲ್ಲ. ಅವರು ಅದನ್ನು ಎಳೆದರು. ಅದರ ಜೊತೆ ಕತ್ತಿನ ಎಲುಬೊಂದು ಮೇಲೆದ್ದು ಕಳಚಿ ಬಿತ್ತು. ಉಂಗುರವನ್ನು ಚಾಕುವಿನಿಂದ ಬಿಡಿಸಿ, ನಾಣ್ಯಕ್ಕೆ ಉಗುಳಿ, ಪ್ಯಾಂಟಿಗೆ ಉಜ್ಜಿ, ಮತ್ತೆ ಉಗುಳಿ ಉಜ್ಜಿ, ಬೆಳಕಿಗೆ ಹಿಡಿದರು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ನಮ್ಮ ಮಗಳು ಹುಟ್ಟಿದ ದಿನ ನೋಡಿದ್ದೆ. ನನಗೆ ವಾಕರಿಕೆ ಬಂತು.

ಕಳಚಿದ ಎಲುಬನ್ನೂ ಪಟ್ಟಿಯನ್ನೂ ಗುಂಡಿಗೆ ನೂಕಿ, ಅವರು ಕಾಲಿನಿಂದ ಮಣ್ಣು ತಳ್ಳಿ ಮುಚ್ಚುವಾಗಲೇ ಕಾಲುದಾರಿಯಿಂದ ಒಬ್ಬ ಬಿಳಿಯ ಮುದುಕ ಊರುಗೋಲು ಹಿಡಿದು ಬಂದ. ಎಪ್ಪತ್ತೈದು ದಾಟಿರಬೇಕು. ನಮ್ಮನ್ನು ಗದರಿಸಲಿಲ್ಲ. ಏದುಸಿರು ಬಿಡುತ್ತ, ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ, "ಸರ್, ದಯವಿಟ್ಟು ಆ ಮರದ ಹತ್ತಿರ ಅಗೆಯಬೇಡಿ. ನನ್ನ ಹೆಂಡತಿಯ ನಾಯಿ ಅಲ್ಲಿದೆ" ಎಂದ. "ಬ್ಯಾಂಕಿನವರು ಮನೆ ತಗೊಂಡ ಮೇಲೆ ನಾವು ಅಪಾರ್ಟ್‌ಮೆಂಟಿಗೆ ಬಂದೆವು. ಹೂಳೋದಕ್ಕೆ ಹಿತ್ತಲಿರಲಿಲ್ಲ. ಆಳವಾಗಿ ತೋಡೋ ಶಕ್ತಿಯೂ ಇರಲಿಲ್ಲ."

ನನ್ನ ಗಂಡ ಅಗಲವಾಗಿ ನಕ್ಕರು. ಎಡ ಜೇಬಿನಿಂದ ಬಿಯರ್ ಕ್ಯಾನಿನ ಕೊಂಡಿಗಳನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ಬರೀ ಕಸ ಸಿಕ್ಕಿದೆ ಸರ್, ನೋಡಿ. ಅಲ್ಲಿ ನಾವು ಮುಟ್ಟಿಲ್ಲ."

ಮುದುಕ ಸಮಾಧಾನದಿಂದ ತಲೆಯಾಡಿಸಿದ. ಥ್ಯಾಂಕ್ಸ್ ಹೇಳಿದ.

"ಕೊಟ್ಟುಬಿಡಿ" ಎಂದೆ ಕನ್ನಡದಲ್ಲಿ.

ಅವರು ಮುದುಕನನ್ನೇ ನೋಡುತ್ತ, ಆ ನಗು ಸ್ವಲ್ಪವೂ ಕದಲದಂತೆ, ಹವಾಮಾನದ ಬಗ್ಗೆ ಏನೋ ಹೇಳುವವರ ದನಿಯಲ್ಲಿ, "ಸುಮ್ನಿರೆ. ಮುದುಕಂಗೆ ಕನ್ನಡ ಬರುತ್ತಾ? ಏನೂ ಗೊತ್ತಾಗಲ್ಲ" ಎಂದರು.

ಎಲುಬು, ವಾಸನೆ, ಉಗುಳು ಯಾವುದೂ ಅಷ್ಟು ಅಸಹ್ಯವಾಗಿರಲಿಲ್ಲ. ನಾವು ಮಗಳಿಗೆ ಕಷ್ಟಪಟ್ಟು ಕಲಿಸುತ್ತಿದ್ದ ಭಾಷೆ ಅದು. ಮಲಗುವಾಗ ಮಾತಾಡುತ್ತಿದ್ದ ಭಾಷೆ. ಅದನ್ನು ಒಬ್ಬ ಮುದುಕನ ಕಣ್ಣೆದುರು ಅಡ್ಡ ಪರದೆಯ ಹಾಗೆ ಹಿಡಿದು, ಅದರ ಹಿಂದೆ ನನ್ನನ್ನೂ ನಿಲ್ಲಿಸಿಕೊಂಡಿದ್ದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. "ಅವರ ಬಲ ಜೇಬಿನಲ್ಲಿದೆ. ನಿಮ್ಮ ನಾಯಿಯ ಡಾಲರ್."

ಮುದುಕ ಕಾಲಡಿಯ ಹಸಿ ಮಣ್ಣನ್ನು ಆಗ ಸರಿಯಾಗಿ ನೋಡಿದ. ಟವೆಲಿನ ಹೂವಿನ ಅಂಚು ಒಂದಿಷ್ಟು ಹೊರಗೇ ಉಳಿದಿತ್ತು. ನನ್ನ ಗಂಡ ನಾಣ್ಯ ತೆಗೆದು ಅವನತ್ತ ಚಾಚಿದರು. ಅವನು ಕೈ ಹಿಂದಕ್ಕೆಳೆದುಕೊಂಡ.

"ನನಗೆ ಬೇಡ. ಎಲ್ಲಿಂದ ತೆಗೆದೆಯೋ ಅಲ್ಲೇ ಇಡು."

ನನ್ನ ಗಂಡ ಮಂಡಿಯೂರಿ ಕೈಯಿಂದ ಮಣ್ಣು ತೋಡಿದರು. ಕಳಚಿದ ಎಲುಬನ್ನು ಅದರ ಜಾಗದಲ್ಲಿಟ್ಟರು, ಅದರ ಪಕ್ಕ ಪಟ್ಟಿ ಮತ್ತು ನಾಣ್ಯ. ಟವೆಲ್ ಮಡಚಿ ಮುಚ್ಚಿದರು. ನಾನು ಸನಿಕೆಯಿಂದ ಮಣ್ಣು ಎಳೆದು ಹಾಕಿದೆ. ಮುದುಕ ಕೊನೆಯವರೆಗೂ ನಿಂತು ನೋಡಿದ. ನಾನು ಸಾರಿ ಎಂದಾಗ ಊರುಗೋಲಿನ ತುದಿಯಿಂದ ಒಂದಿಷ್ಟು ಎಲೆಗಳನ್ನು ಮಣ್ಣಿನ ಮೇಲೆ ಸರಿಸಿದ. ನಾವು ಕಾರು ಹತ್ತುವಾಗಲೂ ಅಲ್ಲೇ ಇದ್ದ. ನಾವು ಹೋದದ್ದು ಖಾತ್ರಿಯಾಗುವವರೆಗೆ ಕಾದನೋ ಏನೋ.

ದಾರಿಯಲ್ಲಿ ಅವರು, "ನಿಂಗೇನು, ತಿಂಗಳಾದ್ರೆ ಸಂಬಳ ಬರುತ್ತೆ" ಎಂದರು.

"ಕಿಟಕಿ ಇಳಿಸಿ" ಎಂದೆ. ಕಾರಿನ ತುಂಬ ಅದೇ ವಾಸನೆ.

ಮನೆಗೆ ಬಂದು ಅವರು ತುಂಬ ಹೊತ್ತು ಸ್ನಾನ ಮಾಡಿದರು. ಊಟದ ಹೊತ್ತಿಗೆ, ಶನಿವಾರಗಳಲ್ಲಿ ಮಾಡುವಂತೆ, ಸಾರನ್ನ ಕಲಸಿ ಮಗಳಿಗೆ ಕೈತುತ್ತು ಕೊಡಲು ಕೂತರು. ಎದುರಿನ ಕುರ್ಚಿಯಿಂದ ನಾನು ಎದ್ದು ಹೋಗಿ ಗ್ಯಾರೇಜಿನಲ್ಲಿ ನಿಂತೆ. ಸೋಪು ಏನು ತೊಳೆಯುತ್ತದೆ, ಏನು ತೊಳೆಯುವುದಿಲ್ಲ ಎಂಬುದು ನನ್ನ ಉದ್ಯೋಗದ ವಿಷಯ. ಆ ಕೈ ಶುದ್ಧವಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಉಪಯೋಗವಾಗಲಿಲ್ಲ.

ಅವರು ಮತ್ತೆ ಆ ಪಾರ್ಕಿಗೆ ಹೋಗಲಿಲ್ಲ. ಯಂತ್ರ ನೀರು ಕಾಯಿಸುವ ಹಂಡೆಯ ಹಿಂದೆ ಧೂಳು ತಿನ್ನುತ್ತ ನಿಂತಿತ್ತು. ಮರುವರ್ಷ ವಿಕ್ಸಮ್‌ನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಹಳೆಯ ಲವಲವಿಕೆ ಬಂತು. ಈಗಲೂ ಒಳ್ಳೆಯ ತಂದೆ, ನೆರೆಹೊರೆಯವರ ಕಾರು ಕೆಟ್ಟರೆ ಹಿಮದಲ್ಲೂ ಓಡುವ ಮನುಷ್ಯ. ಆ ಶನಿವಾರದ ಮಾತನ್ನು ನಾವಿಬ್ಬರೂ ಎತ್ತಿಲ್ಲ.

ಆದರೆ ಅಂದಿನಿಂದ ಅವರ ಕೈಯಿಂದ ಏನನ್ನೂ ನೇರವಾಗಿ ತೆಗೆದುಕೊಳ್ಳಲು ನನಗೆ ಆಗುತ್ತಿರಲಿಲ್ಲ. ಕಾಫಿ ತಂದರೆ "ಅಲ್ಲಿಡಿ" ಎನ್ನುತ್ತಿದ್ದೆ. ಕೆಲವು ತಿಂಗಳಲ್ಲಿ ನಾನು ಹೇಳುವ ಮೊದಲೇ ಅವರು ಲೋಟವನ್ನು ಮೇಜಿನ ಮೇಲಿಟ್ಟು ಕೈ ತೆಗೆಯಲು ಕಲಿತರು. ಮಗಳು ಇದನ್ನು ನಮ್ಮ ಕಡೆಯ ಯಾವುದೋ ಮಡಿ ಎಂದುಕೊಂಡಿದ್ದಾಳೆ. ಕಾಲೇಜಿನ ಗೆಳತಿಯರಿಗೂ ಅವಳು ಕಾರಿನ ಬೀಗದ ಕೈಯನ್ನು ಕೈಗೆ ಕೊಡುವುದಿಲ್ಲವಂತೆ, ಮೇಜಿನ ಮೇಲಿಡುತ್ತಾಳಂತೆ. ಗೆಳತಿಯರು ಯಾಕೆ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಹೀಗೇ, ಅನ್ನುತ್ತಾಳೆ.